ಅಡುಗೆಮನೆಯೊಳಗಿನ ಊರದಾರಿ

ನಮ್ಮವರು ಸುಳ್ಳು ಹೇಳುವ ಮನುಷ್ಯರಲ್ಲ. ಮೂವತ್ತೆಂಟು ವರ್ಷ ರೈಲ್ವೆ ಸ್ಟೇಷನ್ನಿನ ಗೇಟಿನಲ್ಲಿ ಟಿಕೆಟ್ ತೆಗೆದುಕೊಳ್ಳುತ್ತ ನಿಂತು ಊರವರ ಸುಳ್ಳನ್ನೆಲ್ಲ ಕೇಳಿದವರು. ಟಿಕೆಟ್ಟು ಗಾಳಿಗೆ ಹಾರಿಹೋಯಿತು, ಆಡು ತಿಂದಿತು, ಅತ್ತೆಯ ಕೋಟಿನ ಜೇಬಿನಲ್ಲಿತ್ತು, ಅತ್ತೆಯನ್ನು ನಿನ್ನೆ ತಾನೇ ಹೂಳಿದೆವು. ಕೇಳಿ ಕೇಳಿ ಅವರಿಗೂ ಒಂದು ಸ್ವಂತ ಸುಳ್ಳು ಹೇಳುವ ಆಸೆ ಒಳಗೇ ಕೂತಿತ್ತೋ ಏನೋ, ಕೆಲಸ ಬಿಟ್ಟ ವರ್ಷ ಅದು ಹೊರಗೆ ಬಂತು. ಒಂದೇ ಒಂದು ಸುಳ್ಳು. ಅದು ನಮ್ಮ ಮುಂಬಾಗಿಲಿನಿಂದ ಒಳಗೆ ಬಂದು, ನನ್ನ ಅಡುಗೆಮನೆ ದಾಟಿ, ಹಿಂಬಾಗಿಲಿನಿಂದ ಹೊರಟಿತು. ಅದರ ಬೆನ್ನಿಗೆ ಇಡೀ ಪಿಡ್‌ಕೋಟ್ ಊರು ಹೊರಟಿತು.

ಕಾರಣ ದೊಡ್ಡದೇನಲ್ಲ. ನಾವು ಈ ಊರಿಗೆ ಬಂದು ಮೂವತ್ತೊಂದು ವರ್ಷವಾಗಿದ್ದರೂ ಈ ಊರಿನವರಲ್ಲ. ಹನ್ನೊಂದು ಮೈಲಿ ಆಚೆಯ ಪಟ್ಟಣದವರು. ಬಂದ ಹೊಸದರಲ್ಲಿ ನಮ್ಮವರು, ಅಂದರೆ ಹೊರೇಸ್, ಪಬ್ಬಿನಲ್ಲಿ ಏಮಸ್ ಟರ್ವಿಯನ್ನು ಕೇಳಿದ್ದರಂತೆ.

"ಇಲ್ಲಿಯವನು ಅನ್ನಿಸ್ಕೊಳ್ಳೋಕೆ ಎಷ್ಟು ವರ್ಷ ಬೇಕು ಏಮಸ್?"

"ವರ್ಷದ ಲೆಕ್ಕ ಅಲ್ಲಪ್ಪಾ ಟಿಕೆಟ್ಟು," ಅಂದನಂತೆ ಏಮಸ್. "ಈ ಊರಿನ ನಾಲ್ಕು ಜನ ನಿನ್ನ ಹೊತ್ಕೊಂಡು ಚರ್ಚಿಗೆ ಹೋಗ್ಬೇಕು. ಆವತ್ತಿಂದ ನೀನು ಇಲ್ಲಿಯವನು."

ಹೊರೇಸ್‌ಗೆ 'ಟಿಕೆಟ್ಟು' ಎಂಬ ಹೆಸರು ನಿಂತಿತು. ಆಗ ಅರವತ್ತು ದಾಟಿದ್ದ ಏಮಸ್‌ಗೆ ಈಗ ತೊಂಬತ್ತೊಂದು. ಹಲ್ಲು ಹೋಯಿತು, ಕಿವಿ ಹೋಯಿತು, ಇಬ್ಬರು ಹೆಂಡತಿಯರು ಹೋದರು. ಆ ಹೆಸರು ಮಾತ್ರ ಅವನ ಬಾಯಲ್ಲಿ ಗಟ್ಟಿಯಾಗಿತ್ತು.

ಎರಡನೇ ಮಹಾಯುದ್ಧ ಮುಗಿದ ಏಳನೇ ವರ್ಷ, ನಿವೃತ್ತ ಶಾಲಾ ಉಪಾಧ್ಯಾಯಿನಿ ಮಿಸ್ ಥ್ರಪ್ ಊರ ಇತಿಹಾಸ ಸಂಘ ಎಂದು ಒಂದನ್ನು ಹುಟ್ಟುಹಾಕಿದರು. ಫೆಬ್ರವರಿಯ ಮೊದಲ ಸಭೆಗೆ ಶಾಲೆಯಲ್ಲಿ ಹದಿನೈದು ಜನ ಸೇರಿದೆವು. ಮಕ್ಕಳ ಬೆಂಚುಗಳ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕೂತು ಒಬ್ಬೊಬ್ಬರೂ ತಮ್ಮ ಮನೆಯ ಹಿರಿಮೆ ಹೇಳಿಕೊಂಡರು. ಬಡಗಿ ಸೈಲಸ್ ಡಾಕ್‌ನ ಮುತ್ತಜ್ಜ ಕುರಿ ಕದ್ದು ಗಲ್ಲಿಗೇರಿದ್ದ. ಹೇಳುವಾಗ ಸೈಲಸ್‌ನ ಎದೆ ಉಬ್ಬಿತ್ತು. ಅಂಚೆಯಂಗಡಿಯ ಮಿಸೆಸ್ ಹೋಬ್ಡೇ ಮನೆಯ ತೊಲೆಗಳು ಮುಳುಗಿದ ಯುದ್ಧದ ಹಡಗಿನವಂತೆ. ಸಮುದ್ರ ಇಲ್ಲಿಂದ ಎಪ್ಪತ್ತು ಮೈಲಿ. ಅಷ್ಟು ತೊಲೆಗಳನ್ನು ಯಾರು ಹೊತ್ತು ತಂದರು ಎಂದು ಯಾರೂ ಕೇಳಲಿಲ್ಲ. ನಮ್ಮಲ್ಲಿ ಹಾಗೆಲ್ಲ ಕೇಳುವುದಿಲ್ಲ.

ಕೊನೆಗೆ ಮಿಸ್ ಥ್ರಪ್, ಪೆನ್ನಿನ ಮುಚ್ಚಳ ಹಾಕುತ್ತಲೇ, ಮರ್ಯಾದೆಗೆ ಕೇಳಿದರು. "ನಿಮ್ಮ ಮನೇಲಿ ಏನಾದ್ರೂ ನಡೆದಿತ್ತಾ ಮಿಸ್ಟರ್ ಪೆಗ್ಲರ್?"

"ಅವರ ಮನೇಲಿ ಏನ್ ನಡೆಯತ್ತೆ, ಪಾಪ," ಅಂದ ಏಮಸ್. "ಟಿಕೆಟ್ಟು ಮೊನ್ನೆ ಮೊನ್ನೆ ಬಂದೋನು."

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಆ ತಪ್ಪು ನನ್ನ ಮೇಲಿದೆ. ಹೊರೇಸ್ ಎದ್ದು ನಿಂತರು.

ನಮಗೆ ಮನೆ ಮಾರಿದ ಅಜ್ಜಿ ಹೇಳಿದ್ದು ಇಷ್ಟು: ಹಿಂದಿನ ಶತಮಾನದ ಎಪ್ಪತ್ತೊಂಬತ್ತನೇ ಇಸವಿಯ ನೆರೆಯಲ್ಲಿ ಓಣಿಯೆಲ್ಲ ನೀರಾಗಿದ್ದಾಗ, ಕಮ್ಮಾರನ ಶವಪೆಟ್ಟಿಗೆ ಹೊತ್ತವರು ಮಳೆಗೆ ನಮ್ಮ ಹೊಸ್ತಿಲ ಬಳಿ ಐದು ನಿಮಿಷ ನಿಂತು, ಒಂದೊಂದು ಲೋಟ ಬಿಯರ್ ಕುಡಿದು ಮುಂದೆ ಹೋದರು. ನಿಂತರು, ಅಷ್ಟೆ. ಹೊರೇಸ್ ತಮ್ಮ ಮಾತಿನಲ್ಲಿ ಅವರನ್ನು ಒಳಗೆ ಬಿಟ್ಟರು. ಗೇಟಿನಲ್ಲಿ ನಿಂತವರನ್ನು ಒಳಗೆ ಬಿಟ್ಟೇ ಅಭ್ಯಾಸ.

"ಎಪ್ಪತ್ತೊಂಬತ್ತರ ನೆರೇಲಿ ಕಮ್ಮಾರನ ಹೆಣ ಹೋಗಿದ್ದು ನಮ್ಮ ಮನೆ ಒಳಗಿಂದಾನೇ," ಅಂದರು. "ಮುಂಬಾಗ್ಲಲ್ಲಿ ಬಂದು, ಅಡುಗೆಮನೆ ದಾಟಿ, ಹಿಂಬಾಗ್ಲಿಂದ ಸೀದಾ ಚರ್ಚಿಗೆ."

ಮಿಸ್ ಥ್ರಪ್ ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

ನಮ್ಮ ಕಡೆ ಒಂದು ನಂಬಿಕೆಯಿದೆ. ಶವಪೆಟ್ಟಿಗೆ ಯಾವ ನೆಲದ ಮೇಲೆ ಹಾದುಹೋಗುತ್ತದೋ ಆ ನೆಲ ಊರವರೆಲ್ಲ ಓಡಾಡುವ ದಾರಿಯಾಗಿಬಿಡುತ್ತದೆ, ಅದಕ್ಕೆ ಯಾರೂ ಅಡ್ಡ ಹಾಕುವ ಹಾಗಿಲ್ಲ. ಕಾನೂನಿನಲ್ಲಿ ಇದು ಇಲ್ಲವಂತೆ. ಕಾನೂನಿನಲ್ಲಿ ಇಲ್ಲದ್ದನ್ನು ನಮ್ಮ ಊರವರು ಕಾನೂನಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

"ಹಾಗಿದ್ರೆ ನಿಮ್ಮ ಅಡುಗೆಮನೆ ಊರದಾರಿ," ಎಂದರು ಮಿಸ್ ಥ್ರಪ್.

"ಹೌದಲ್ವಾ!" ಅಂದರು ನಮ್ಮವರು, ಬಹುಮಾನ ಬಂದವರ ಹಾಗೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮಿಸೆಸ್ ಹೋಬ್ಡೇ ಬಂದಳು, ಚರ್ಚಿಗೆ ಹೂವಿಡುವ ಸರದಿ ಅವಳದು. ಬಕೆಟ್ ತುಂಬ ಹೂವು ಹಿಡಿದು ಮುಂಬಾಗಿಲಿನಿಂದ ಒಳಗೆ ಬಂದು, "ಸುಮ್ನೆ ಹಾದು ಹೋಗ್ತೀನಿ ವಿನಿ, ನಿನ್ನ ಕೆಲಸ ನೀನು ನೋಡ್ಕೋ" ಎಂದು, ನನ್ನ ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಹಿಂಬಾಗಿಲಿನಿಂದ ಹೋದಳು. ಓಣಿಯಲ್ಲಿ ಸುತ್ತಿ ಹೋದರೆ ಚರ್ಚಿಗೆ ಹದಿನೈದು ನಿಮಿಷ, ಕಣಕಾಲು ಮುಳುಗುವಷ್ಟು ಕೆಸರು. ನನ್ನ ಅಡುಗೆಮನೆಯಿಂದ ಎರಡು ನಿಮಿಷ, ಒಲೆಯ ಬಿಸಿ ಬೇರೆ.

ಇಲ್ಲಿ ಒಂದು ಮಾತು ಹೇಳಬೇಕು. ಈ ಓಣಿಯಿಂದ ಚರ್ಚಿಗೆ ನಿಜವಾದ ಒಳದಾರಿಯೊಂದು ಮೊದಲಿನಿಂದಲೂ ಇತ್ತು. ನಮ್ಮ ಮನೆಯ ಪಕ್ಕದ ಸಣ್ಣ ಗೇಟು, ಅದರಾಚೆ ಪಾಳುಬಿದ್ದ ಜಾಗ, ಅದರ ತುದಿಗೆ ಚರ್ಚಿನ ಗೋಡೆ. ಎಲ್ಲರೂ ಅಲ್ಲೇ ಓಡಾಡುತ್ತಿದ್ದರು. ಆರು ವರ್ಷದ ಹಿಂದೆ ಸೈನ್ಯದಿಂದ ಬಂದ ಮೇಜರ್ ವಿಂಡಲ್ ಆ ಜಾಗ ಕೊಂಡು, ಮನೆ ಕಟ್ಟಿ, ಗುಲಾಬಿ ನೆಟ್ಟು, ಗೇಟಿಗೆ ಆರು ಮೊಳೆ ಹೊಡೆದರು. 'ಇದು ದಾರಿ ಸ್ವಾಮಿ' ಎಂದು ಒಬ್ಬನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮುಖ ನೋಡಿ ಅಂಥ ಮಾತಾಡುವುದೆಂದರೆ ನಮ್ಮ ಊರವರಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಆರು ವರ್ಷ ಕೆಸರು ತುಳಿದುಕೊಂಡು ಸುತ್ತಿ ಹೋದರು; ಮೇಜರ್ ಸಿಕ್ಕಾಗೆಲ್ಲ ಟೋಪಿ ಎತ್ತಿ ಗುಲಾಬಿ ಚೆನ್ನಾಗಿವೆ ಎಂದರು. ಈಗ ಹೊರೇಸ್ ಎಲ್ಲರನ್ನೂ ಆ ಸಂಕಟದಿಂದ ಪಾರು ಮಾಡಿದ್ದರು, ನನ್ನ ಅಡುಗೆಮನೆಯ ಖರ್ಚಿನಲ್ಲಿ.

ವಾರದೊಳಗೆ ದಿನಕ್ಕೆ ಇಪ್ಪತ್ತು ಜನ. ಬನ್ನಿ ಅನ್ನುವ ಹಾಗಿಲ್ಲ, ದಾರಿ ಅವರದು. ಚಹಾ ಕೊಡದೆ ಇರುವ ಹಾಗಿಲ್ಲ, ಮನೆ ನಮ್ಮದು. ಸಕ್ಕರೆ ಇನ್ನೂ ರೇಷನ್ನಿನಲ್ಲಿ. ನಾವಿಬ್ಬರೂ ಮಾರ್ಚಿನಿಂದಾಚೆ ಸಪ್ಪೆ ಚಹಾ ಕುಡಿದೆವು. ಪಾದ್ರಿಗಳು ನಿಂತುಕೊಂಡೇ ಒಂದು ತುಂಡು ಕೇಕು ತಿಂದು "ಕೂರೋದಿಲ್ಲಮ್ಮಾ, ದಾರೀಲಿ ಕೂರಬಾರದು" ಎನ್ನುತ್ತಿದ್ದರು. ಏಮಸ್ ಮಾತ್ರ ಕೂರುತ್ತಿದ್ದ. ಚರ್ಚಿನ ಹಿತ್ತಿಲಲ್ಲಿ ಮಲಗಿರುವ ಇಬ್ಬರು ಹೆಂಡತಿಯರನ್ನು ನೋಡಲು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಒಲೆಯ ಪಕ್ಕದ ನನ್ನ ಕುರ್ಚಿಯಲ್ಲೇ.

ಹೊರೇಸ್ ಮೊದಲ ಹದಿನೈದು ದಿನ ಖುಷಿಯಲ್ಲಿದ್ದರು. ರೈಲ್ವೆಯವರು ಕೊಟ್ಟ ಗಡಿಯಾರ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಹೂವಿನವರು ಇವತ್ತು ನಾಲ್ಕು ನಿಮಿಷ ತಡ ವಿನಿ" ಎಂದು ನನಗೆ ವರದಿ. ಖುಷಿ ಮುಗಿದದ್ದು ಶುಕ್ರವಾರ.

ನಮ್ಮ ಮನೆಯಲ್ಲಿ ಬಚ್ಚಲಿಲ್ಲ. ಶುಕ್ರವಾರ ಸಂಜೆ ಅಡುಗೆಮನೆಯ ಒಲೆಯ ಮುಂದೆ ತಗಡಿನ ತೊಟ್ಟಿ ಇಟ್ಟು ಸ್ನಾನ. ಆವತ್ತು ಹೊರೇಸ್ ತೊಟ್ಟಿಯಲ್ಲಿ ಮಂಡಿ ಮಡಿಸಿ ಕೂತಿದ್ದರು, ತಲೆಯ ತುಂಬ ಸೋಪಿನ ನೊರೆ. ಬಾಗಿಲು ತೆರೆಯಿತು. ಚರ್ಚಿನ ಗಂಟೆ ಬಾರಿಸುವ ಆರು ಜನ ಅಭ್ಯಾಸಕ್ಕೆ ಹೊರಟಿದ್ದರು. ಸೈಲಸ್ ಮುಂದೆ.

"ಏಳ್ಬೇಡಿ ಮಿಸ್ಟರ್ ಪೆಗ್ಲರ್," ಅಂದ ಸೈಲಸ್, ಟೋಪಿ ತೆಗೆದು.

"ಏಳ್ಬೇಡಿ, ಏಳ್ಬೇಡಿ," ಅಂದರು ಉಳಿದ ಐವರು, ಒಬ್ಬೊಬ್ಬರಾಗಿ ತೊಟ್ಟಿಯ ಅಂಚು ಬಳಸಿ ದಾಟುತ್ತ.

"ಹೊರಗೆ ಚಳಿ ಇದೆಯಾ?" ಎಂದು ಕೇಳಿದರು ಹೊರೇಸ್. ಏನಾದರೂ ಕೇಳಬೇಕಲ್ಲ.

"ಸ್ವಲ್ಪ ಇದೆ. ನೀರು ಬಿಸಿ ಇದೆಯಾ?"

"ಪರವಾಗಿಲ್ಲ."

ಕೊನೆಯವನು ನಿಂತು, ನೆಲದ ಮೇಲೆ ಬಿದ್ದಿದ್ದ ಸೋಪು ಎತ್ತಿ ಕೈಗೆ ಕೊಟ್ಟು ಹೋದ. ಬಾಗಿಲು ಮುಚ್ಚಿತು. ಹೊರೇಸ್ ತಲೆಯ ನೊರೆ ತೊಳೆದುಕೊಂಡರು.

"ವಿನಿ," ಎಂದರು ಆಮೇಲೆ, "ಒಂದು ಚಿಲಕ ಹಾಕೋಣ್ವಾ?"

"ಹಾಕಿ," ಅಂದೆ. ನನಗೆ ಬೇಕಾಗಿದ್ದದ್ದು ಅದೊಂದೇ.

ಚಿಲಕ ತರುವ ಮೊದಲೇ ಮೇಜರ್ ವಿಂಡಲ್ ಬಂದರು. ಅವರೇ ಊರ ಪಂಚಾಯಿತಿಯ ಅಧ್ಯಕ್ಷರು. ಕೈಯಲ್ಲಿ ಸರ್ಕಾರದ ಕಾಗದ. ಪ್ರತಿ ಊರೂ ತನ್ನ ಕಾಲುದಾರಿಗಳನ್ನೆಲ್ಲ ಪಟ್ಟಿ ಮಾಡಿ ಕಳಿಸಬೇಕು, ಜಿಲ್ಲೆಯ ಅಧಿಕಾರಿ ಬಂದು ನೋಡಿ ನಕ್ಷೆಯಲ್ಲಿ ಗೆರೆ ಎಳೆಯುತ್ತಾನೆ ಎಂದು ಹೊಸ ಕಾಯಿದೆ.

"ಒಂದ್ಸಲ ನಕ್ಷೇಲಿ ಗೆರೆ ಬಿತ್ತು ಅಂದ್ರೆ ಮುಗೀತು ಮಿಸೆಸ್ ಪೆಗ್ಲರ್," ಎಂದರು, ಮೀಸೆ ಸವರಿಕೊಂಡು. "ನಿಮ್ಮ ಮಕ್ಕಳ ಕಾಲಕ್ಕೂ ಅಳಿಸೋಕಾಗಲ್ಲ. ಬಾಗಿಲಿಗೆ ಬೀಗ ಇಲ್ಲ, ಚಿಲಕ ಇಲ್ಲ. ಈ ಮೇಜು ಸ್ವಲ್ಪ ಆ ಕಡೆ ಸರಿಸ್ಬೇಕಾಗತ್ತೆ. ತೊಟ್ಟಿಯನ್ನಂತೂ ದಾರಿ ಮಧ್ಯೆ ಇಡೋ ಹಾಗೇ ಇಲ್ಲ."

"ನಮ್ಮ ಸ್ನಾನ ಎಲ್ಲಿ ಮೇಜರ್?"

"ನಮ್ಮ ಹಿರಿಯರು ಈ ಹಕ್ಕುಗಳಿಗಾಗಿ ರಕ್ತ ಸುರಿಸಿದಾರೆ," ಎಂದರು ಮೇಜರ್. ಅದು ನನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಮಾತಾಡುತ್ತ ಅವರ ಕಣ್ಣು ನಮ್ಮ ಅಡುಗೆಮನೆಯ ದೊಡ್ಡ ಕಿಟಕಿಯಾಚೆ, ತಮ್ಮ ಗುಲಾಬಿಯ ಮೇಲಿತ್ತು. "ಇಷ್ಟು ಚಿಕ್ಕ ಊರಿಗೆ ಚರ್ಚಿಗೆ ಒಂದು ದಾರಿ ಸಾಕಲ್ವೇ? ಎರಡ್ಯಾಕೆ?"

ಆಗ ನನಗೆ ಅರ್ಥವಾಯಿತು. ಮನುಷ್ಯ ಕೆಟ್ಟವರಲ್ಲ. ಗುಲಾಬಿ ಇಟ್ಟುಕೊಂಡವರು ಅಷ್ಟೆ.

"ನಾಳೆ ಪಂಚಾಯಿತಿಗೆ ಹೋಗಿ ನಿಜ ಹೇಳ್ಬಿಡಿ," ಎಂದೆ ಹೊರೇಸ್‌ಗೆ.

"ಎಲ್ಲರ ಎದುರಿಗಾ?"

"ಸುಳ್ಳನ್ನ ಎಲ್ಲರ ಎದುರಿಗೆ ತಾನೇ ಹೇಳಿದ್ದು?"

ಹೋದರು. ಭಾನುವಾರದ ಕೋಟು ಹಾಕಿಕೊಂಡು, ಟೋಪಿ ಕೈಯಲ್ಲಿ ತಿರುಗಿಸುತ್ತ, ಎದ್ದು ನಿಂತು ಹೇಳಿದರು. "ಹೆಣ ನಮ್ಮ ಮನೆ ಒಳಗೆ ಬರ್ಲಿಲ್ಲ. ಬಾಗಿಲ ಹತ್ರ ನಿಂತಿತ್ತು. ಒಳಗೆ ಬಂತು ಅಂತ ನಾನೇ ಸೇರ್ಸಿ ಹೇಳ್ದೆ."

ಎಲ್ಲರೂ ಅವರನ್ನು ಮರುಕದಿಂದ ನೋಡಿದರು.

"ಈಗ ಹೀಗೆ ಹೇಳಿದ್ರೆ ಅವರಿಗೇ ಅನುಕೂಲ ಅಲ್ವಾ," ಎಂದರು ಮಿಸ್ ಥ್ರಪ್, ನೋವಿನಿಂದ. "ಮೊದ್ಲು ಹೇಳಿದ್ದನ್ನ ನಾನು ಐವತ್ತು ಪ್ರತಿ ಟೈಪ್ ಮಾಡಿ ಹಂಚಿದೀನಿ ಮಿಸ್ಟರ್ ಪೆಗ್ಲರ್."

"ಸುಳ್ಳು ಹೇಳ್ತಿದಾನೆ ಟಿಕೆಟ್ಟು," ಅಂದ ಏಮಸ್ ಹಿಂದಿನ ಬೆಂಚಿನಿಂದ. "ಒಳಗಿಂದಾನೇ ಹೋಯ್ತು. ನಾನೇ ಹೊತ್ತಿದ್ದೆ. ನಂಗೆ ಹದಿನೆಂಟು ವರ್ಷ. ಎಡಗಡೆ ಮುಂದಿನ ಮೂಲೆ ನಂದು."

ಎಪ್ಪತ್ತಮೂರು ವರ್ಷದಲ್ಲಿ ಏಮಸ್ ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ.

"ಬರ್ಕೊಳ್ಳಿ ಮಿಸ್ ಥ್ರಪ್," ಎಂದರು ಮೇಜರ್, ಮೇಜು ಗುದ್ದಿ. "ಕಣ್ಣಾರೆ ಕಂಡವರ ಮಾತು. ಮಿಸ್ಟರ್ ಟರ್ವಿ ಅವರ ನೆನಪಿಗಿಂತ ದೊಡ್ಡ ದಾಖಲೆ ಈ ಊರಲ್ಲಿ ಇಲ್ಲ. ನನ್ನ ಹೆಸರಲ್ಲೇ ಬರ್ಕೊಳ್ಳಿ."

ಹೊರೇಸ್ ಮನೆಗೆ ಬಂದು ಕೋಟು ಬಿಚ್ಚದೆ ಕೂತರು. "ಅವನು ನನಗಿಂತ ಚೆನ್ನಾಗಿ ಹೇಳಿದ ವಿನಿ. ನಂಗೇ ಒಂದು ಕ್ಷಣ ನಿಜ ಅನ್ನಿಸ್ತು."

ನಾನು ಶಾಲೆಯಲ್ಲಿ ಹೆಚ್ಚು ಕಲಿತವಳಲ್ಲ. ಆದರೆ ಮೂವತ್ತೊಂದು ವರ್ಷ ಒಂದೇ ಅಡುಗೆಮನೆ ಗುಡಿಸಿದವಳು. ಮುಂಬಾಗಿಲಿನಿಂದ ಇಕ್ಕಟ್ಟಾದ ಓಣಿಯಂಥ ಹಾದಿ, ಅದರ ತುದಿಗೆ ಅಡುಗೆಮನೆಯ ಬಾಗಿಲು, ಬಾಗಿಲು ದಾಟಿದ ಕೂಡಲೇ ಎದೆಗೆ ಅಡ್ಡ ಬರುವಂತೆ ಹಳೆಯ ಕಾಲದ ಬ್ರೆಡ್ಡು ಸುಡುವ ಕಲ್ಲೊಲೆ, ಅದರ ಮೇಲೆ ತಗ್ಗಾದ ತೊಲೆ. ಮನುಷ್ಯರು ಸೊಂಟ ತಿರುಗಿಸಿ ದಾಟುತ್ತಾರೆ. ನಾವು ಈ ಮನೆಗೆ ಬಂದ ದಿನ ನನ್ನ ಪಾತ್ರೆ ಕಪಾಟು, ಆರಡಿ ಉದ್ದದ್ದು, ಅಲ್ಲಿ ತಿರುಗದೆ ಸಿಕ್ಕಿಕೊಂಡಿತ್ತು. ಕೊನೆಗೆ ಅದು ಹೊಕ್ಕದ್ದು ಕಿಟಕಿಯಿಂದ, ಆಗಿನ್ನೂ ಪಾಳುಬಿದ್ದಿದ್ದ ಪಕ್ಕದ ಜಾಗದ ಕಡೆಯಿಂದ. ಆರಡಿ ಕಪಾಟು ತಿರುಗದ ಕಡೆ ಆರೂವರೆ ಅಡಿ ಪೆಟ್ಟಿಗೆ ತಿರುಗುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಏಪ್ರಿಲ್ ಕೊನೆಯ ಶನಿವಾರ ಕಾಲುದಾರಿಯ ಅಧಿಕಾರಿ ಬಂದ. ಗಾರ್‌ಸೈಡ್ ಎಂದು ಹೆಸರು. ತೋಯ್ದ ಬೂಟು, ಸೋತ ಮುಖ, ಇನ್ನೂ ನಲವತ್ತಮೂರು ಊರು ಬಾಕಿ. ಅವನ ಹಿಂದೆ ಅರ್ಧ ಊರು. ಅವನಿಗೆ ಚಹಾ ಕೊಟ್ಟೆ. ಅವನಿಗೊಬ್ಬನಿಗೇ ಸಕ್ಕರೆ ಹಾಕಿದೆ.

"ದಾರಿ ಅಂದ್ರೆ ಹೋಗಿ ತೋರಿಸ್ಲಿ ಸಾರ್," ಎಂದೆ. "ಇಲ್ಲಿಂದ ಹೆಣ ಹೋಯ್ತು ಅಂತಾರೆ. ಇನ್ನೊಂದ್ಸಲ ಹೋಗ್ಲಿ. ಹೋದ್ರೆ ನೀವು ಗೆರೆ ಎಳೀರಿ, ನಾನು ತಕರಾರು ಮಾಡಲ್ಲ."

"ಹೆಣದ ವಿಷಯ ನನ್ನ ಕಾಯಿದೇಲಿ ಇಲ್ಲ ಅಮ್ಮಾ," ಎಂದು ಶುರು ಮಾಡಿದ. ಜನರ ಮುಖ ನೋಡಿ ನಿಲ್ಲಿಸಿದ. "ಬೇಗ ಮುಗಿಯತ್ತಾ?"

"ಬೇಗ ಮುಗಿಯತ್ತೆ," ಎಂದರು ಮೇಜರ್. "ಬಹಳ ಒಳ್ಳೆ ಸಲಹೆ!"

ಪೆಟ್ಟಿಗೆಗೆ ದೂರ ಹೋಗಬೇಕಾಗಲಿಲ್ಲ. ಏಮಸ್ ತನ್ನದನ್ನು ಹತ್ತು ವರ್ಷದ ಹಿಂದೆಯೇ ಸೈಲಸ್‌ನಿಂದ ಮಾಡಿಸಿ, ಸದ್ಯಕ್ಕೆ ಅದರಲ್ಲಿ ಹುಲ್ಲು ಹಾಸಿ ಸೇಬು ತುಂಬಿಸಿಟ್ಟಿದ್ದ. ಸೇಬು ಸುರಿದು ತಂದರು.

"ಜೋಪಾನ," ಅಂದ ಏಮಸ್. "ಒಂದೇ ಸಲ ಬಳಸೋ ಸಾಮಾನು."

"ಖಾಲಿ ಪೆಟ್ಟಿಗೆ ಯಾರು ಬೇಕಾದ್ರೂ ಗಿರಗಿರ ತಿರುಗಿಸ್ತಾರೆ," ಎಂದೆ ನಾನು. "ಕಮ್ಮಾರ ಭಾರೀ ಆಳು ಅಲ್ವಾ ಏಮಸ್?"

"ನಮ್ಮ ಟಿಕೆಟ್ಟಿನಷ್ಟೇ ಇದ್ದ."

ಎಲ್ಲರೂ ಹೊರೇಸ್ ಕಡೆ ತಿರುಗಿದರು. ಹೊರೇಸ್ ನನ್ನ ಕಡೆ ತಿರುಗಿದರು.

"ನಿಮ್ಮದೇ ಕಥೆ," ಎಂದೆ. "ಮಲಗಿ."

ಮಲಗಿದರು. ಬೂಟು ಬಿಚ್ಚಿ ಮಲಗಿದರು, ಏಮಸ್‌ನ ಪೆಟ್ಟಿಗೆ ಕೊಳೆಯಾಗಬಾರದೆಂದು. ಸೈಲಸ್ ಮುಚ್ಚಳ ಮುಚ್ಚಿ ಒಂದು ಹಗ್ಗ ಸುತ್ತಿದ. ಸೈಲಸ್ ಮತ್ತು ಗಂಟೆ ಬಾರಿಸುವ ಮೂವರು, ಒಟ್ಟು ನಾಲ್ಕು ಜನ, ಹೊತ್ತರು. ಪಾದ್ರಿಗಳು ಅಭ್ಯಾಸಬಲದಿಂದ ಮುಂದೆ ನಡೆದರು. ಪೆಟ್ಟಿಗೆ ಮುಂಬಾಗಿಲು ದಾಟಿತು, ಇಕ್ಕಟ್ಟಿನ ಹಾದಿ ದಾಟಿತು, ಅಡುಗೆಮನೆಯ ಬಾಗಿಲೊಳಗೆ ಮುಕ್ಕಾಲು ಪಾಲು ಬಂದು ಕಲ್ಲೊಲೆಗೆ ಢಿಕ್ಕಿ ಹೊಡೆದು ನಿಂತಿತು.

"ಬಲಕ್ಕೆ!" ಎಂದು ಕೂಗಿದರು ಮೇಜರ್.

"ಬಲಕ್ಕೆ ಗೋಡೆ ಇದೆ ಸಾರ್."

"ಎತ್ತಿ!"

"ಮೇಲೆ ತೊಲೆ ಇದೆ ಸಾರ್."

"ಇನ್ನೊಂದು ಸಲ ಜೋರಾಗಿ ತಳ್ಳಿ! ಎಪ್ಪತ್ತೊಂಬತ್ತರಲ್ಲಿ ಗಂಡಸರು ಇದ್ರು!"

ತಳ್ಳಿದರು. ಹಿಂದಿನ ಹಿತ್ತಾಳೆ ಹಿಡಿಕೆಗಳು ಬಾಗಿಲ ಚೌಕಟ್ಟನ್ನು ಕಿತ್ತುಕೊಂಡು ಒಳಗೆ ಬಂದು, ಅಲ್ಲೇ ಕಚ್ಚಿಕೊಂಡವು. ಮುಚ್ಚಳ ತೊಲೆಯ ಕೆಳಗೆ ಬಿಗಿಯಾಯಿತು.

"ವಿನಿ," ಎಂದಿತು ಪೆಟ್ಟಿಗೆ.

"ಇದ್ದೀನಿ ರೀ."

"ಆಯ್ತಾ?"

"ಇನ್ನೂ ಸ್ವಲ್ಪ ಇದೆ. ಏಳ್ಬೇಡಿ."

ಸೈಲಸ್ ಬಗ್ಗಿ ನೋಡಿ ತಲೆಯಾಡಿಸಿದ. "ಮುಂದಕ್ಕೆ ಹೋಗಲ್ಲ. ಹಿಂದಕ್ಕೆ ಬರಲ್ಲ. ಮುಚ್ಚಳ ತೆಗೆಯೋಕಾಗಲ್ಲ. ಗರಗಸ ತಂದು ಕೊಯ್ಯೋದೇ."

"ನನ್ನ ಪೆಟ್ಟಿಗೇನಾ?" ಎಂದು ಕೋಲು ಎತ್ತಿದ ಏಮಸ್. "ನಿನ್ನ ಮುತ್ತಜ್ಜ ಬರೀ ಕುರಿ ಕದ್ದಿದ್ದ ಕಣೋ!"

ನಾನು ಎದ್ದು ಕಿಟಕಿಯ ಎರಡೂ ಬಾಗಿಲು ತೆರೆದೆ. ಅದು ಕಲ್ಲೊಲೆಯ ಎಡಕ್ಕೆ, ಪೆಟ್ಟಿಗೆಯ ಮೂತಿಗೆ ಸರಿಯಾಗಿ ಇತ್ತು. "ನನ್ನ ಕಪಾಟು ಇಲ್ಲಿಂದ ಬಂದಿತ್ತು," ಎಂದೆ, ಈಗ ತಾನೇ ನೆನಪಾದವಳ ಹಾಗೆ.

ಮೇಜರ್ ಕಿಟಕಿಯಾಚೆ ನೋಡಿದರು. ಬಾಯಿ ತೆರೆದರು. ಆದರೆ ಒಬ್ಬ ಮನುಷ್ಯ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿರುವಾಗ ಗುಲಾಬಿಯ ಮಾತೆತ್ತುವುದು ಸಭ್ಯಸ್ಥರಿಗೆ ಸಾಧ್ಯವಿಲ್ಲ. ಮುಚ್ಚಿಕೊಂಡರು.

ಪೆಟ್ಟಿಗೆ ಎಡಕ್ಕೆ ಸಲೀಸಾಗಿ ತಿರುಗಿ ಕಿಟಕಿಯಿಂದ ಹೊರಗೆ ಜಾರಿತು. ಆಚೆ ಇಬ್ಬರು ಹಾರಿ ಇಳಿದು ಹಿಡಿದರು.

"ಕೆಳಗಿಡಿ, ಮುಚ್ಚಳ ತೆಗೀರಿ," ಎಂದ ಗಾರ್‌ಸೈಡ್.

"ಕೆಳಗೆ ಇಡೋ ಹಾಗಿಲ್ಲ!" ಎಂದು ಗದರಿದ ಸೈಲಸ್. "ಮನೆಯಿಂದ ಹೊರಟ ಪೆಟ್ಟಿಗೆ ಚರ್ಚಿನವರೆಗೆ ನೆಲ ಮುಟ್ಟಬಾರದು. ಊರಿಗೇ ಅಪಶಕುನ." ಹೆಗಲು ಕೊಟ್ಟರು, ಹೊರಟರು. ಕೆಂಪು ಗುಲಾಬಿಯ ಸಾಲಿನ ಮೇಲೆ, ಬಿಳಿ ಗುಲಾಬಿಯ ಸಾಲಿನ ಮೇಲೆ, ಬಹುಮಾನ ಬಂದ ಹಳದಿ ಗುಲಾಬಿಯ ನಡುವೆ ನಿಧಾನವಾಗಿ, ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು. ಜನರೆಲ್ಲ ಟೋಪಿ ತೆಗೆದು ಹಿಂದೆ ನಡೆದರು. ಮಿಸೆಸ್ ಹೋಬ್ಡೇ ಅತ್ತಳು. ಪೆಟ್ಟಿಗೆ ಕಂಡರೆ ಅವಳಿಗೆ ತಡೆಯಲಾಗುವುದಿಲ್ಲ. "ಒಳ್ಳೇ ಮನುಷ್ಯ," ಎಂದಳು ನನ್ನ ಕೈ ಹಿಡಿದು. "ಒಂದು ದಿನಾನೂ ಎದುರಾಡಿದೋನಲ್ಲ."

"ನಂಗೆ ಕೇಳಿಸ್ತಿದೆ ಮಿಸೆಸ್ ಹೋಬ್ಡೇ," ಎಂದಿತು ಪೆಟ್ಟಿಗೆ.

ಚರ್ಚಿನ ಬಾಗಿಲ ಬಳಿಯ ಕಲ್ಲಿನ ಮೇಲೆ ಇಳಿಸಿ ಹಗ್ಗ ಬಿಚ್ಚಿದರು. ಹೊರೇಸ್ ಎದ್ದು ಕೂತರು. ತಲೆಯ ಕೂದಲಿಗೆ ಹುಲ್ಲು ಮೆತ್ತಿತ್ತು. ಕೈಯಲ್ಲಿ ಅರ್ಧ ತಿಂದ ಸೇಬು. "ಮೂಲೇಲಿ ಒಂದು ಉಳಿದಿತ್ತು," ಎಂದರು ಏಮಸ್‌ಗೆ, ತಪ್ಪೊಪ್ಪಿಕೊಳ್ಳುವವರ ಹಾಗೆ.

ಎಲ್ಲರೂ ಅಡುಗೆಮನೆಗೆ ಮರಳಿ ಬರದೆ, ಹಿಂದಿರುಗುವಾಗ ಮೇಜರರ ತೋಟದಲ್ಲೇ ನಿಂತೆವು. ಗಾರ್‌ಸೈಡ್ ಮುರಿದ ಗಿಡಗಳನ್ನು ದಾಟಿ ಓಣಿಯ ಕಡೆಗೆ ನಡೆದು, ಆರು ಮೊಳೆ ಹೊಡೆದ ಗೇಟಿನ ಮುಂದೆ ನಿಂತ.

"ಈ ಗೇಟು ಯಾಕಿದೆ?" ಎಂದು ಕೇಳಿದ. "ಇಲ್ಲಿ ಹಿಂದೆ ಯಾರಾದ್ರೂ ಓಡಾಡ್ತಿದ್ರಾ?"

ಮೂವತ್ತು ಜನ ತಮ್ಮ ಬೂಟುಗಳನ್ನು ಪರೀಕ್ಷಿಸಿದರು. ಪಾದ್ರಿಗಳು ಆಕಾಶ ನೋಡಿದರು. ಒಂದು ಕಾಗೆ ಕೂಗಿತು.

"ಓ!" ಎಂದ ಏಮಸ್. "ಈಗ ಸರಿಯಾಗಿ ನೆನಪಾಯ್ತು. ಆವತ್ತೂ ಹೀಗೇ ಆಗಿದ್ದು! ಒಲೆ ಹತ್ರ ಸಿಕ್ಕಾಕ್ಕೊಂಡು, ಕಿಟಕೀಲಿ ಇಳಿಸಿ, ಇದೇ ನೆಲದ ಮೇಲೆ ಹೊತ್ಕೊಂಡು ಹೋದ್ವಿ. ಆಮೇಲೆ ಊರೆಲ್ಲ ಈ ಗೇಟಲ್ಲೇ ಓಡಾಡ್ತು. ಮೊಳೆ ಹೊಡೆಯೋವರೆಗೆ."

"ನಾನೂ," ಎಂದ ಸೈಲಸ್ ಮೆಲ್ಲಗೆ.

"ನಾನೂನು," ಎಂದಳು ಮಿಸೆಸ್ ಹೋಬ್ಡೇ. "ಮೇಜರ್, ನಿಮ್ಮ ಗುಲಾಬಿ ಮಾತ್ರ ನಿಜವಾಗ್ಲೂ ಚೆನ್ನಾಗಿವೆ. ಚೆನ್ನಾಗಿದ್ವು."

ಮಿಸ್ ಥ್ರಪ್ ಚೀಲದಿಂದ ಪುಸ್ತಕ ತೆಗೆದು ಓದಿದರು. "'ಮಿಸ್ಟರ್ ಟರ್ವಿ ಅವರ ನೆನಪಿಗಿಂತ ದೊಡ್ಡ ದಾಖಲೆ ಈ ಊರಲ್ಲಿ ಇಲ್ಲ.' ಹೇಳಿದವರು, ಅಧ್ಯಕ್ಷರು."

ಮೇಜರ್ ಮುರಿದ ಹಳದಿ ಗುಲಾಬಿಯನ್ನು ನೋಡಿದರು. "ಗಿಡ ಒತ್ತೊತ್ತಾಗಿದ್ವು ಅಂತ ನಂಗೂ ಅನ್ನಿಸ್ತಿತ್ತು," ಎಂದರು. "ಮಧ್ಯೆ ಸ್ವಲ್ಪ ಗಾಳಿ ಆಡ್ಬೇಕು. ಸೈಲಸ್, ಮೊಳೆ ಕೀಳೋ ಇಕ್ಕಳ ಇದೆಯೇನಪ್ಪಾ?" ಆರು ಮೊಳೆಯನ್ನೂ ಅವರೇ ಕಿತ್ತರು. ಆವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ಗೌರವ ಬಂದಿದೆ.

ಗಾರ್‌ಸೈಡ್ ನಕ್ಷೆ ಬಿಡಿಸಿ ಗೇಟಿನಿಂದ ಚರ್ಚಿಗೆ ಒಂದು ಗೆರೆ ಎಳೆದ. ನನ್ನ ಅಡುಗೆಮನೆ ಗೆರೆಯಿಂದ ಎರಡು ಗಜ ಈಚೆಗಿತ್ತು. ಸಂಜೆಯೊಳಗೆ ಸೈಲಸ್ ಚೌಕಟ್ಟು ಸರಿಮಾಡಿ, ನನ್ನ ಮುಂಬಾಗಿಲಿಗೊಂದು ಹಿಂಬಾಗಿಲಿಗೊಂದು ಕಬ್ಬಿಣದ ಚಿಲಕ ಹಾಕಿಕೊಟ್ಟ.

ಭಾನುವಾರದಿಂದ ಒಬ್ಬರೂ ಬರಲಿಲ್ಲ. ಕೇಕು ನಾಲ್ಕು ದಿನ ಉಳಿಯಿತು. ಚಹಾಕ್ಕೆ ಸಕ್ಕರೆ ಬಂತು. ಹೊರೇಸ್ ಬೆಳಿಗ್ಗೆ ಹತ್ತಕ್ಕೆ ಗಡಿಯಾರ ತೆಗೆದು ನೋಡಿ ಮತ್ತೆ ಜೇಬಿಗಿಡುತ್ತಿದ್ದರು. "ಹೂವಿನವರು ಆ ಕಡೆಯಿಂದ ಹೋದ್ರು ಅನ್ಸತ್ತೆ," ಎನ್ನುತ್ತಿದ್ದರು.

"ಹೋಗ್ಲಿ ಬಿಡಿ," ಎನ್ನುತ್ತಿದ್ದೆ ನಾನು.

ಶುಕ್ರವಾರ ಸಂಜೆ ಒಲೆಯ ಮುಂದೆ ತೊಟ್ಟಿ ಇಟ್ಟು, ನೀರು ತುಂಬಿ, ಎರಡೂ ಚಿಲಕ ನಾನೇ ಕೈಯಾರೆ ಹಾಕಿ, ಟವಲು ತರಲು ಮಹಡಿಗೆ ಹೋದೆ. ಬರುವಷ್ಟರಲ್ಲಿ ಹೊರೇಸ್ ನೀರಿನಲ್ಲಿದ್ದರು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಸೋಪಿನ ನೊರೆ ಒಡೆಯುವುದು ಕೇಳಿಸುತ್ತಿತ್ತು. ನಾನು ನನ್ನ ಕುರ್ಚಿಯಲ್ಲಿ ಕೂತು ಕಾಲು ಚಾಚಿದೆ.

ಮುಂಬಾಗಿಲು ತೆರೆದ ಸದ್ದಾಯಿತು. ಇಕ್ಕಟ್ಟಿನ ಹಾದಿಯಲ್ಲಿ ಕೋಲಿನ ಸಪ್ಪಳ. ಏಮಸ್ ಒಲೆ ಬಳಸಿ ಸೊಂಟ ತಿರುಗಿಸಿ ಒಳಗೆ ಬಂದು, ನನ್ನ ಕುರ್ಚಿಯ ಮುಂದೆ ನಿಂತ. ನಾನು ಎದ್ದೆ. ಕೂತ.

"ಆ ಗುಲಾಬಿ ದಾರಿ ನಂಗೆ ಒಗ್ಗಲ್ಲ," ಅಂದ. "ಮುಳ್ಳು." ಕೋಲನ್ನು ತೊಟ್ಟಿಗೆ ಒರಗಿಸಿ, ನೀರಿನಿಂದ ಅರ್ಧ ಎದ್ದಿದ್ದ ನಮ್ಮವರನ್ನು ನೋಡಿದ. "ಏಳ್ಬೇಡ ಹೊರೇಸ್."

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ 'ಟಿಕೆಟ್ಟು' ಬರಲಿಲ್ಲ.

ಹೊರೇಸ್ ಕಿವಿಯವರೆಗೆ ಕೆಂಪಾಗಿ, ನಿಧಾನವಾಗಿ ನೀರಿಗೆ ಇಳಿದರು. ನಾನು ಹಾಕಿದ ಚಿಲಕ ತೆಗೆದವರು ಯಾರು ಎಂದು ನಾನು ಕೇಳಲಿಲ್ಲ. ನಮ್ಮಲ್ಲಿ ಹಾಗೆಲ್ಲ ಕೇಳುವುದಿಲ್ಲ. ಕೇಕಿನ ಡಬ್ಬಿ ಇಳಿಸಿ, ನಿಂತುಕೊಂಡೇ ಮೂರು ತುಂಡು ಮಾಡಿದೆ.